ಹನ್ನೊಂದನೇ ಕಲಂ

ನೀರಲ್ಲಿ ಬಂಡಿ ನಿಂತ ಮೇಲೆ
ಚಾವಿ ಮತ್ತೆ ತಿರುಗಿಸಿದಿರಾ?
ಹೌದು, ಇಲ್ಲ: ಒಂದಕ್ಕೆ ಗುರುತು ಹಾಕಿ.
ಹೌದಾದರೆ ಕಾರಣ ಬರೆಯಿರಿ
ಅಂತ ಕೇಳಿ, ಕೆಳಗೆ ಒಂದೂವರೆ ಬೆರಳು ಜಾಗ ಬಿಟ್ಟಿದ್ದಾರೆ.

ಹತ್ತರವರೆಗೆ ಸುಲಭವಿತ್ತು.
ಹೆಸರು ಶಾಲಿನಿ ತಾಂಡೇಲ. ಊರು ಬೈತಖೋಲ.
ಮೂರು ಗಾಲಿಯ ಗೂಡ್ಸ್ ರಿಕ್ಷಾ, ಹಳದಿ.
ಸರಕು: ಬಾಡಿಗೆ ಕುರ್ಚಿ ಅರವತ್ತು, ಅನ್ನದ ಹಂಡೆ ಒಂದು.
ತೋಡೂರಿನಲ್ಲಿ ಬಾರಸೆ ಮುಗಿಸಿ ಬರುವಾಗ, ಅರ್ಗಾ ತಿರುವು.

ಬೆಳಿಗ್ಗೆ ಹೋಗುವಾಗ ಅದು ರಸ್ತೆಯೇ ಆಗಿತ್ತು.
ಬರುವಾಗ ಗುಡ್ಡದ ನೀರು ಇಳಿದು ಬಂದು
ಸಮುದ್ರಕ್ಕೆ ದಾರಿ ಎಲ್ಲಿ ಅಂತ ಕೇಳುತ್ತಾ ನಿಂತಿತ್ತು.
ಹೇಳುವವರಿರಲಿಲ್ಲ.

ಒಮ್ಮೆ ಕೆಮ್ಮಿತು ಬಂಡಿ. ಸುಮ್ಮನಾಯಿತು.
ಹಿಂದೆ ಕುಮಟೆಯ ಬಸ್ಸು, ಹಾರನ್ನಿನ ಮೇಲೆ ಹಾರನ್ನು.
ಹಗ್ಗ ಸಡಿಲಾಗಿ ಒಂದೊಂದೇ ಕುರ್ಚಿ ಇಳಿದು ಹೋದವು,
ಉಂಡು, ಹೇಳದೆ ಎದ್ದು ಹೋಗುವ ನೆಂಟರ ಹಾಗೆ.
ಹಂಡೆ ಮಾತ್ರ ಸ್ವಲ್ಪ ಹೊತ್ತು ನನ್ನ ಸುತ್ತಲೇ ತಿರುಗಿತು.

ತಹಶೀಲ್ದಾರರ ಕಚೇರಿಯಲ್ಲಿ ಪಟ್ಟಿ ತೋರಿಸಿದರು.
ಗೋಡೆ ಬಿದ್ದರೆ ಇಷ್ಟು, ಎಮ್ಮೆ ಸತ್ತರೆ ಇಷ್ಟು,
ಕೋಳಿಗೂ ಒಂದು ಸಾಲಿದೆ.
ಬಂಡಿಗೆ ಇಲ್ಲಮ್ಮ.
ಎಮ್ಮೆ ಅಂತಲೇ ಬರೆದುಕೊಳ್ಳಿ, ಅಂದೆ, ಮನೆ ನಡೆಸುತ್ತಿತ್ತು.
ಗುಮಾಸ್ತ ನಕ್ಕ. ಮೊಹರು ಮಾತ್ರ ಒತ್ತಲಿಲ್ಲ.
ಹೆದ್ದಾರಿ ಕಂಪನಿಯ ಶೆಡ್ಡಿನಲ್ಲಿ ಹಿಂದಿ ಮಾತಾಡುವ ಹುಡುಗ
ನೀರು ಗುಡ್ಡದ್ದು ಅಂದ.
ಗುಡ್ಡ ಯಾರದ್ದು? ಕೇಳಿದೆ.
ಯೋಚಿಸಿ, ಅರಣ್ಯ ಇಲಾಖೆಯ ನಂಬರು ಕೊಟ್ಟ.

ಉಳಿದದ್ದು ವಿಮೆ.
ಕೋಡಿಬಾಗದ ಇನಾಸ ಎಂಜಿನ್ ಬಿಚ್ಚಿ
ಕನೆಕ್ಟಿಂಗ್ ರಾಡು ತೆಗೆದು ನನ್ನ ಅಂಗೈಲಿಟ್ಟ,
ಬೆಂದ ಸಿಗಡಿಯ ಹಾಗೆ ಸೊಟ್ಟ.
"ಬಾಯೇ, ನಿಂತದ್ದು ನಿಂತೇ ಇದ್ದಿದ್ದರೆ ಒಣಗಿಸಿ ಕೊಡುತ್ತಿದ್ದೆ.
ನೀರು ಕುಡಿದವನ ಬೆನ್ನಿಗೆ ಗುದ್ದಿ ಓಡು ಅಂದಿಯಲ್ಲ!
ಇಲ್ಲ ಅಂತ ಬರಿ. ನೋಡಿದವರು ಯಾರು?"

ನೋಡಿದ್ದು ಇಡೀ ಕುಮಟೆಯ ಬಸ್ಸು.

ಕಾರಣ.
ಒಂದೇ ಸಲಕ್ಕೆ ಹತ್ತಿಕೊಂಡದ್ದು ನಮ್ಮ ಮನೆಯಲ್ಲಿ ಏನಿದೆ?
ಸ್ಟೋವಿಗೆ ಮೂರು ಕಡ್ಡಿ,
ಗಂಡನ ದೋಣಿಯ ಮೋಟಾರಿಗೆ ಐದು ಸಲ ಹಗ್ಗ ಎಳೆಯಬೇಕು,
ಮಗಳು ಹತ್ತನೆಯದು ದಾಟಿದ್ದು ಎರಡನೇ ಸಲ.
ನಿಂತದ್ದಕ್ಕೆ ಮತ್ತೆ ಕೈ ಹಾಕಬಾರದು ಅಂತ
ಯಾವ ಶಾಲೆಯಲ್ಲಿ ಹೇಳಿಕೊಡುತ್ತಾರೆ?
ಎರಡು ಸಲ ತಿರುಗಿಸಿದೆ.
ಅಲ್ಲ, ಮೂರು. ಮೂರನೆಯದಕ್ಕೆ
ಒಳಗೆ ಏನೋ ಮುರಿದದ್ದು ಬೆರಳಿಗೆ ಗೊತ್ತಾಗಿತ್ತು.
ಅದನ್ನು ಇನಾಸನಿಗೂ ಹೇಳಿಲ್ಲ.

ಹುಬ್ಬಳ್ಳಿಯ ಸರ್ವೇಯರು ಬಂದ ದಿನ
ಅರ್ಗಾದಲ್ಲಿ ಒಳ್ಳೇ ಬಿಸಿಲು.
ರಸ್ತೆ ಏನೂ ಅರಿಯದವರ ಹಾಗೆ ಬಿದ್ದುಕೊಂಡಿತ್ತು.
ನೀರು ಎಷ್ಟಿತ್ತು? ಮೊಣಕಾಲು ತೋರಿಸಿದೆ.
ಸೆಂಟಿಮೀಟರಿನಲ್ಲಿ ಹೇಳಿ ಅಂದ.
ಚಹಾದಂಗಡಿಯವ ಅವನಿಗೊಂದು ಕುರ್ಚಿ ತಂದು ಹಾಕಿದ.
ಕೆಂಪು ಕುರ್ಚಿ. ಬೆನ್ನಿಗೆ ಬಿಳಿ ಬಣ್ಣದಲ್ಲಿ: ಶಾ. ತಾಂ.

ಅದರ ಮೇಲೆ ಕೂತೇ ಅವನು ಫಾರಂ ಓದಿದ.
ಹನ್ನೊಂದಕ್ಕೆ ಬಂದು ಪೆನ್ನು ನಿಂತಿತು.
ಹೌದು ಅಂತ ಹಾಕಿದ್ದೆ. ಕಾರಣದ ಜಾಗದಲ್ಲಿ:
ಮನೆಗೆ ಹೋಗಬೇಕಿತ್ತು.

"ಹಿಂಗ ಬರದ್ರ ರೊಕ್ಕ ಬರೂದಿಲ್ರೀ ಅಕ್ಕಾರ."
ಆಚೀಚೆ ನೋಡಿ, ಚೀಲದಿಂದ ಖಾಲಿ ಫಾರಂ ತೆಗೆದ.
"ತಗೋರಿ. ಇನ್ನೊಮ್ಮೆ ಬರದು ನೋಡ್ರಿ."

ಅವನು ಏಳುವವರೆಗೆ ಕಾದೆ.
ಎದ್ದ. ಕುರ್ಚಿಯನ್ನು ಸೆರಗಿನಲ್ಲಿ ಒರೆಸಿ ತಲೆಯ ಮೇಲಿಟ್ಟುಕೊಂಡೆ.
ಚಹಾದಂಗಡಿಯವ ಬೇರೆ ಕಡೆ ನೋಡುತ್ತಿದ್ದ.
ಅರವತ್ತರಲ್ಲಿ ಸಿಕ್ಕಿದ್ದು, ಇದೂ ಸೇರಿ, ಹದಿನೇಳು.

ಬಸ್ಸಿನಲ್ಲಿ ನನಗೆ ಪುಕ್ಕಟೆ,
ಕುರ್ಚಿಗೆ ಲಗೇಜಿನ ಟಿಕೀಟು.
ಸೀಟು ಖಾಲಿ ಇರಲಿಲ್ಲ.
ನಡುವೆ ಹಾಕಿಕೊಂಡು ಕೂತೆ.